ಒಂದೇ ಲಾಭ, ಬೇರೆ ಬೇರೆ ತೆರಿಗೆ: ಕೇಂದ್ರ ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ಸಾದರ ನಮಸ್ಕಾರಗಳು.

ವಿಷಯ: ಸಣ್ಣ ಪಾಲುದಾರಿಕೆ ಸಂಸ್ಥೆಗಳು ಹಾಗೂ ಸ್ವಂತ ಉದ್ಯೋಗಿಗಳ ಮೇಲಿನ ಆದಾಯ ತೆರಿಗೆಯ ಭಾರದ ಕುರಿತು.

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಅಂಗಡಿಕಾರರು, ಅಡಿಕೆ ಮಂಡಿಯ ವರ್ತಕರು, ಲಾರಿ ಮಾಲೀಕರು, ವೈದ್ಯರು, ವಕೀಲರು ಮತ್ತು ಸಣ್ಣ ಗುತ್ತಿಗೆದಾರರ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿಕೊಡುವ ವೃತ್ತಿ ನನ್ನದು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿರುವ ತಾವು ಇಲ್ಲಿನ ವ್ಯಾಪಾರಿ ಪೇಟೆಗಳ ಸ್ವರೂಪವನ್ನು ಬಲ್ಲಿರಿ ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ತೆರಿಗೆ ಹೆಚ್ಚಾಯಿತೆಂಬ ಗೋಳು ಇದರಲ್ಲಿಲ್ಲ. 2025ರ ಆಯವ್ಯಯದಲ್ಲಿ ಹೊಸ ಪದ್ಧತಿಯಡಿ (ದರವೂ ಕಡಿಮೆ, ವಿನಾಯಿತಿಗಳೂ ಕಡಿಮೆ ಇರುವ ತೆರಿಗೆ ಕ್ರಮ) 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ, ದೊರೆತ ಮೇಲೆ ನನ್ನ ಕಕ್ಷಿದಾರರಲ್ಲಿ ಅನೇಕರ ತೆರಿಗೆ ಸೊನ್ನೆಗೆ ಇಳಿದಿದೆ, ಅದಕ್ಕೆ ಅವರೆಲ್ಲ ಕೃತಜ್ಞರೂ ಆಗಿದ್ದಾರೆ. ನನ್ನ ಅಹವಾಲು ಹಂಚಿಕೆಯ ಕುರಿತದ್ದು. ಒಂದೇ ಮೊತ್ತದ ಲಾಭದ ಮೇಲೆ, ಆ ಲಾಭ ಗಳಿಸಿದವರು ಯಾವ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದಾರೆ ಎಂಬುದಷ್ಟನ್ನೇ ನೋಡಿ, ನಮ್ಮ ಕಾನೂನು ಬಹಳ ಬೇರೆ ಬೇರೆ ತೆರಿಗೆ ವಿಧಿಸುತ್ತಿದೆ. ಇದರಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುತ್ತಿರುವವರು ಇಬ್ಬರು ಮೂವರು ಸೇರಿ ಪಾಲುದಾರಿಕೆಯಲ್ಲಿ ಸಣ್ಣ ವ್ಯಾಪಾರ ನಡೆಸುವವರು.

2025-26ರ ಹಣಕಾಸು ವರ್ಷದ ದರಗಳನ್ನೇ ಹಿಡಿದು ಲೆಕ್ಕ ಹೇಳುತ್ತೇನೆ. ಸೆಕ್ಷನ್ ಸಂಖ್ಯೆಗಳೂ ಆ ವರ್ಷಕ್ಕೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯವು. ಒಬ್ಬನೇ ಮಾಲೀಕನಿರುವ ಹಾರ್ಡ್‌ವೇರ್ ಅಂಗಡಿಯಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ನಿವ್ವಳ ಲಾಭ ಬಂದಿತೆಂದುಕೊಳ್ಳೋಣ. ಅವನಿಗೆ ಬೇರೆ ಆದಾಯವಿಲ್ಲದಿದ್ದರೆ ಕಟ್ಟಬೇಕಾದ ತೆರಿಗೆ ಸೊನ್ನೆ. ಅದೇ ಬೀದಿಯಲ್ಲಿ ಅಷ್ಟೇ ದೊಡ್ಡ ಅಂಗಡಿಯನ್ನು ಅಣ್ಣತಮ್ಮಂದಿರಿಬ್ಬರು ಪಾಲುದಾರಿಕೆ ಪತ್ರ ಬರೆಸಿಕೊಂಡು ನಡೆಸುತ್ತಿದ್ದಾರೆ, ಅವರ ಲಾಭವೂ 10 ಲಕ್ಷವೇ. ಪಾಲುದಾರಿಕೆ ಸಂಸ್ಥೆಗೆ ಸ್ಲ್ಯಾಬ್ (ಆದಾಯದೊಂದಿಗೆ ಏರುವ ದರದ ಹಂತಗಳು) ಇಲ್ಲ, ರಿಬೇಟ್ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ ಮತ್ತು ಅದರ ಮೇಲೆ ಶೇ. 4 ಸೆಸ್ (ಉಪಕರ). ದುಡಿಯುವ ಪಾಲುದಾರರಿಗೆ ಕೊಡುವ ಸಂಬಳವನ್ನು ಖರ್ಚೆಂದು ಕಳೆಯಲು ಸೆಕ್ಷನ್ 40(ಬಿ) ಅವಕಾಶ ಕೊಟ್ಟಿದೆ, ಆದರೆ ಅದಕ್ಕೂ ಮಿತಿಯಿದೆ: ಮೊದಲ 6 ಲಕ್ಷದ ಲಾಭದಲ್ಲಿ ಶೇ. 90, ಉಳಿದದ್ದರಲ್ಲಿ ಶೇ. 60. ಹಾಗಾಗಿ 10 ಲಕ್ಷದಲ್ಲಿ ಗರಿಷ್ಠ 7.80 ಲಕ್ಷವನ್ನು ಸಂಬಳವೆಂದು ತೋರಿಸಬಹುದು. ಬಂಡವಾಳದ ಮೇಲಿನ ಬಡ್ಡಿಯನ್ನು ಸದ್ಯಕ್ಕೆ ಬದಿಗಿಟ್ಟರೆ, ಉಳಿಯುವ 2.20 ಲಕ್ಷಕ್ಕೆ ಸೆಸ್ ಸೇರಿ 68,640 ರೂಪಾಯಿ ತೆರಿಗೆ ಬೀಳುತ್ತದೆ. ಒಬ್ಬನೇ 10 ಲಕ್ಷ ಮನೆಗೊಯ್ದರೆ ತೆರಿಗೆಯಿಲ್ಲ, ಇಬ್ಬರು ತಲಾ 5 ಲಕ್ಷ ಒಯ್ದರೆ ತೆರಿಗೆಯಿದೆ.

ಲಾಭ 20 ಲಕ್ಷಕ್ಕೆ ಏರಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಅಣ್ಣತಮ್ಮಂದಿರ ಸಂಸ್ಥೆ ಗರಿಷ್ಠ ಮಿತಿಯಾದ 13.80 ಲಕ್ಷ ಸಂಬಳ ಕಳೆದ ಮೇಲೆ 6.20 ಲಕ್ಷಕ್ಕೆ 1,93,440 ರೂಪಾಯಿ ಕಟ್ಟುತ್ತದೆ. ಒಬ್ಬನೇ ಮಾಲೀಕ 20 ಲಕ್ಷ ಗಳಿಸಿದ್ದರೆ ಅವನು ಕಟ್ಟುವುದು 2,08,000 ರೂಪಾಯಿ. ಅಂದರೆ ಎರಡು ಸಂಸಾರಗಳು ಹಂಚಿಕೊಂಡು ತಿನ್ನುವ ಆದಾಯವನ್ನು ಕಾನೂನು ಹೆಚ್ಚುಕಡಿಮೆ ಒಂದೇ ಸಂಸಾರದ ಆದಾಯ ಎಂಬಂತೆ ಅಳೆಯುತ್ತಿದೆ. ಇವರಿಬ್ಬರು ಜಗಳವಾಡಿಕೊಂಡು ಅಂಗಡಿಯ ನಡುವೆ ಗೋಡೆ ಎಬ್ಬಿಸಿ, ತಲಾ 10 ಲಕ್ಷ ಲಾಭದ ಎರಡು ಅಂಗಡಿಗಳನ್ನಾಗಿ ಮಾಡಿಕೊಂಡಿದ್ದರೆ ಇಬ್ಬರ ತೆರಿಗೆಯೂ ಸೊನ್ನೆಯಾಗುತ್ತಿತ್ತು.

ಅಂದಾಜು ಆದಾಯ ಪದ್ಧತಿಗೆ ಬಂದರೆ ಅಂತರ ಇನ್ನೂ ಹಿಗ್ಗುತ್ತದೆ. ಸೆಕ್ಷನ್ 44ಎಡಿ ಪ್ರಕಾರ 2 ಕೋಟಿ ರೂಪಾಯಿವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿ, ವಿವರವಾದ ಲೆಕ್ಕಪುಸ್ತಕಗಳ ತಲೆನೋವಿಲ್ಲದೆ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣದ ಶೇ. 6ನ್ನೂ ನಗದಾಗಿ ಬಂದುದರ ಶೇ. 8ನ್ನೂ ಲಾಭವೆಂದು ತೋರಿಸಬಹುದು. ನಗದು ಶೇ. 5ನ್ನು ಮೀರದಿದ್ದರೆ ಈ ಮಿತಿ 3 ಕೋಟಿಯವರೆಗೂ ಹೋಗುತ್ತದೆ. ಪೂರ್ತಿ ಡಿಜಿಟಲ್ ವಹಿವಾಟಿನ 2 ಕೋಟಿಯ ಅಂಗಡಿಗೆ ಒಬ್ಬನೇ ಮಾಲೀಕನಿದ್ದರೆ ಅವನ ಅಂದಾಜು ಆದಾಯ 12 ಲಕ್ಷ, ತೆರಿಗೆ ಸೊನ್ನೆ. ಅದೇ ಅಂಗಡಿ ಪಾಲುದಾರಿಕೆಯದಾಗಿದ್ದರೆ 12 ಲಕ್ಷಕ್ಕೂ ಶೇ. 31.2ರಂತೆ 3,74,400 ರೂಪಾಯಿ, ಏಕೆಂದರೆ ಈ ಪದ್ಧತಿಯಲ್ಲಿ ಪಾಲುದಾರರ ಸಂಬಳವನ್ನಾಗಲಿ ಬಡ್ಡಿಯನ್ನಾಗಲಿ ಕಳೆಯುವಂತಿಲ್ಲ. ಮೊದಲು ಕಳೆಯಲು ಅವಕಾಶವಿತ್ತು. 2016ರ ಹಣಕಾಸು ಕಾಯ್ದೆ ಅದನ್ನು ತೆಗೆದುಹಾಕಿತು. ವಿಚಿತ್ರವೆಂದರೆ, ಅದೇ 1961ರ ಕಾಯ್ದೆಯಲ್ಲಿ ಲಾರಿ ಮಾಲೀಕರಿಗಿರುವ 44ಎಇ ಸೆಕ್ಷನ್ನಿನಲ್ಲಿ ಪಾಲುದಾರರ ಸಂಬಳ ಮತ್ತು ಬಡ್ಡಿಯನ್ನು ಕಳೆಯುವ ಅವಕಾಶ ಹಾಗೆಯೇ ಉಳಿದುಕೊಂಡಿತು. ಲಾರಿ ಓಡಿಸುವ ಪಾಲುದಾರರಿಗೆ ಒಂದು ನ್ಯಾಯ, ಆ ಲಾರಿಯಿಂದ ಸಿಮೆಂಟು ಇಳಿಸಿಕೊಳ್ಳುವ ಪಾಲುದಾರರಿಗೆ ಇನ್ನೊಂದು ನ್ಯಾಯ ಏಕೆ ಎಂದು ಕಕ್ಷಿದಾರರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಪಾಲುದಾರಿಕೆ ಸಂಸ್ಥೆ ಅಂದಾಜು ಪದ್ಧತಿಯನ್ನು ಬಿಟ್ಟು ಲೆಕ್ಕಪುಸ್ತಕ ಇಟ್ಟರೆ ಸಂಬಳ ಕಳೆಯಬಹುದಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಹೌದು, ನನ್ನ ಕಕ್ಷಿದಾರರು ಅದನ್ನೇ ಮಾಡುತ್ತಿದ್ದಾರೆ. ಆದರೆ ಲೆಕ್ಕ ಇಡಲು ಶಕ್ತಿಯಿಲ್ಲದ ಸಣ್ಣವರಿಗೆಂದು ತಂದ ಸೌಲಭ್ಯ ಸಣ್ಣ ಪಾಲುದಾರರ ಪಾಲಿಗೆ ಕಾಗದದ ಮೇಲಷ್ಟೇ ಇದೆ ಎಂದಾಯಿತು. ದಲಾಲಿ ಅಥವಾ ಕಮಿಷನ್ ಆದಾಯವಿರುವ ಮಂಡಿಯವರಿಗಂತೂ ಆ ಸೆಕ್ಷನ್ನಿನ ಬಾಗಿಲೇ ಮುಚ್ಚಿದೆ, ಒಬ್ಬರೇ ಇರಲಿ ಇಬ್ಬರಿರಲಿ.

ಇದರ ಮೇಲೆ 2025ರ ಏಪ್ರಿಲ್ 1ರಿಂದ ಸೆಕ್ಷನ್ 194ಟಿ ಬಂದಿದೆ. ಪಾಲುದಾರನಿಗೆ ವರ್ಷಕ್ಕೆ 20,000 ರೂಪಾಯಿ ಮೀರಿ ಸಂಬಳ, ಕಮಿಷನ್ ಅಥವಾ ಬಡ್ಡಿ ಕೊಟ್ಟರೆ ಸಂಸ್ಥೆಯೇ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಮೇಲೆ ಹೇಳಿದ 10 ಲಕ್ಷದ ಅಂಗಡಿಯಲ್ಲಿ ತಲಾ 3.90 ಲಕ್ಷ ಸಂಬಳ ಪಡೆಯುವ ಅಣ್ಣತಮ್ಮಂದಿರ ವೈಯಕ್ತಿಕ ತೆರಿಗೆ ಸೊನ್ನೆ. ಆದರೂ ಇಬ್ಬರಿಂದ 78,000 ರೂಪಾಯಿ ಸರ್ಕಾರಕ್ಕೆ ಹೋಗಿ, ಮುಂದಿನ ವರ್ಷ ರಿಟರ್ನ್ಸ್ ಸಲ್ಲಿಸಿದ ಮೇಲೆ ರೀಫಂಡಾಗಿ ವಾಪಸ್ಸು ಬರಬೇಕು. ಅಷ್ಟಕ್ಕಾಗಿ ಅಂಗಡಿ ತೆರಿಗೆ ಹಿಡಿಯುವವರಿಗೆ ಕೊಡುವ ಟ್ಯಾನ್ ನಂಬರ್ ಪಡೆಯಬೇಕು, ಮೂರು ತಿಂಗಳಿಗೊಮ್ಮೆ ಟಿಡಿಎಸ್ ವಿವರ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ತೆರಬೇಕು. ಅಷ್ಟೇ ಸಂಬಳದ ನೌಕರನ ವಿಷಯದಲ್ಲಿ ಕಂಪನಿ ವರ್ಷದ ತೆರಿಗೆಯನ್ನು ಅಂದಾಜು ಮಾಡಿ ಅದು ಸೊನ್ನೆಯಾದರೆ ಏನನ್ನೂ ಹಿಡಿಯುವುದಿಲ್ಲ. ತನ್ನ ಅಂಗಡಿಯಿಂದ ತಾನೇ ಸಂಬಳ ಪಡೆಯುವವನ ಮೇಲೆ ಇಷ್ಟು ಸಂಶಯ ಬೇಕಿತ್ತೆ?

ಪಾಲುದಾರಿಕೆಯ ಮೇಲಿನ ಸ್ಲ್ಯಾಬಿಲ್ಲದ ಈ ಶೇ. 30ರ ದರಕ್ಕೆ ಒಂದು ಹಿನ್ನೆಲೆಯಿದೆ. 1992ರ ಹಣಕಾಸು ಕಾಯ್ದೆಯ ಮೂಲಕ, ಸಂಸ್ಥೆಯ ಮಟ್ಟದಲ್ಲಿ ಒಂದೇ ಸಲ ತೆರಿಗೆ ವಸೂಲು ಮಾಡಿ ಪಾಲುದಾರರ ಕೈಗೆ ಬರುವ ಲಾಭದ ಪಾಲನ್ನು ತೆರಿಗೆಯಿಂದ ಬಿಡುವ ವ್ಯವಸ್ಥೆ ಬಂತು. ಎರಡೆರಡು ಕಡೆ ತೆರಿಗೆ ಹಾಕುವ ಹಳೆಯ ಗೋಜಲಿಗಿಂತ ಅದು ಉತ್ತಮವೇ ಆಗಿತ್ತು. 2005ರ ಆಯವ್ಯಯದಲ್ಲಿ ಕಂಪನಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಶೇ. 30ರ ಒಂದೇ ಮೂಲ ದರ ನಿಗದಿಯಾದಾಗ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಿತ್ತು. ಸಣ್ಣ ಕಂಪನಿಗಳ ದರ 2016ರಿಂದಲೇ ಇಳಿಯತೊಡಗಿತ್ತು, ಆ ಸಾಲು ಪೂರ್ತಿಯಾಗಿ ಮುರಿದದ್ದು 2019ರ ಸೆಪ್ಟೆಂಬರಿನಲ್ಲಿ, ಸುಗ್ರೀವಾಜ್ಞೆಯ ಮೂಲಕ. ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ದರ ಶೇ. 22ಕ್ಕೆ ಇಳಿಯಿತು, ಸರ್ಚಾರ್ಜ್ (ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ) ಮತ್ತು ಸೆಸ್ ಸೇರಿ ಶೇ. 25.17. ಹೊಸ ಉತ್ಪಾದನಾ ಕಂಪನಿಗಳಿಗೆ ಶೇ. 15, ಎಲ್ಲ ಸೇರಿ ಶೇ. 17.16. 2024ರ ಮಾರ್ಚ್ 31ರೊಳಗೆ ಉತ್ಪಾದನೆ ಆರಂಭಿಸಿದವರಿಗೆ ಆ ಅವಕಾಶ ದೊರೆಯಿತು. ಪಾಲುದಾರಿಕೆ ಸಂಸ್ಥೆಗಳೂ, 2008ರ ಕಾಯ್ದೆಯಿಂದ ಹುಟ್ಟಿದ, ಸೀಮಿತ ಹೊಣೆಯ ಪಾಲುದಾರಿಕೆಗಳಾದ ಎಲ್‌ಎಲ್‌ಪಿಗಳೂ ಶೇ. 30ರಲ್ಲೇ ನಿಂತವು. ಬಂಡವಾಳ ಹೂಡಿಕೆ ಹೆಚ್ಚಬೇಕೆಂಬ ಆಗಿನ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಅಕ್ಕಿ ಗಿರಣಿಯೂ ಬಂಡವಾಳ ಹೂಡುತ್ತದೆ, ಅದರ ಮಾಲೀಕರು ಕಂಪನಿ ಮಾಡಿಕೊಂಡಿಲ್ಲ ಎಂಬ ಕಾರಣಕ್ಕೆ ಅದು ಹೂಡಿದ ಬಂಡವಾಳ ಬಂಡವಾಳವಲ್ಲವೆಂದಾಗುವುದಿಲ್ಲ.

ಕಂಪನಿಗಳ ವಿಷಯದಲ್ಲಿ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ (ಕಂಪನಿ ಹಂಚುವ ಲಾಭ) ಷೇರುದಾರನ ಕೈಯಲ್ಲಿ ಅವನ ಸ್ಲ್ಯಾಬಿನಂತೆ ತೆರಿಗೆಗೆ ಒಳಪಡುವುದರಿಂದ, ಲಾಭವನ್ನೆಲ್ಲ ಹೊರತೆಗೆಯುವ ಕಂಪನಿ ಮಾಲೀಕನ ಒಟ್ಟು ಭಾರ ಶೇ. 25ಕ್ಕೇ ನಿಲ್ಲುವುದಿಲ್ಲ. ಕಂಪನಿಗೆ ನಿಜವಾದ ಅನುಕೂಲವಾಗುವುದು ಹಣವನ್ನು ವ್ಯವಹಾರದೊಳಗೇ ಬಿಟ್ಟಾಗ. 1 ಕೋಟಿ ಲಾಭವನ್ನು ಪೂರ್ತಿಯಾಗಿ ಹೊಸ ಯಂತ್ರಕ್ಕೆ ಹಾಕಲು ಹೊರಟ ಕಂಪನಿ 25,16,800 ರೂಪಾಯಿ ತೆರಿಗೆ ಕಟ್ಟಿದರೆ, ಅದೇ ಉದ್ದೇಶವಿರುವ ಏಕಮಾಲೀಕ ಸ್ಲ್ಯಾಬ್, ಶೇ. 10 ಸರ್ಚಾರ್ಜ್ ಮತ್ತು ಸೆಸ್ ಸೇರಿ 29,51,520 ರೂಪಾಯಿ ಕಟ್ಟುತ್ತಾನೆ. ಪಾಲುದಾರರು ಸಂಬಳ ತೆಗೆಯದೆ ಎಲ್ಲವನ್ನೂ ಸಂಸ್ಥೆಯಲ್ಲೇ ಬಿಟ್ಟರೆ 31,20,000 ರೂಪಾಯಿ. ವ್ಯವಹಾರ ಬೆಳೆಸಲು ಹಣ ಉಳಿಸಿದ್ದಕ್ಕೆ ಪಾಲುದಾರರು ಕಂಪನಿಗಿಂತ 6 ಲಕ್ಷ ರೂಪಾಯಿ ಹೆಚ್ಚು ತೆರುತ್ತಾರೆ.

ಹಾಗಾದರೆ ಎಲ್ಲರೂ ಕಂಪನಿ ಮಾಡಿಕೊಳ್ಳಲಿ ಎನ್ನುವುದು ಸುಲಭ. ಕಂಪನಿಗೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಆಡಿಟ್ ಕಡ್ಡಾಯ. ರಿಜಿಸ್ಟ್ರಾರ್‌ಗೆ ವಾರ್ಷಿಕ ವಿವರಗಳು, ನಿರ್ದೇಶಕರ ಕೆವೈಸಿ, ಸಭೆಗಳ ನಡಾವಳಿ ಇವೆಲ್ಲ ಇರಬೇಕು. ಬೆಂಗಳೂರಿನಲ್ಲಿ ಇದಕ್ಕೆಲ್ಲ ಜನ ಸಿಗುತ್ತಾರೆ, ತಾಲ್ಲೂಕು ಪೇಟೆಯಲ್ಲಿ ಅದರ ಖರ್ಚು ಉಳಿಸಿದ ತೆರಿಗೆಯನ್ನೇ ನುಂಗಿಹಾಕುತ್ತದೆ. ಆದ್ದರಿಂದ ಜನ ಕಂಡುಕೊಂಡಿರುವ ದಾರಿ ಬೇರೆಯೇ ಆಗಿದೆ. ಅಂಗಡಿಯನ್ನು ಅಣ್ಣನೊಬ್ಬನ ಹೆಸರಿಗೆ ಮಾಡಿ ತಮ್ಮನನ್ನು ಲೆಕ್ಕದಲ್ಲಿ ನೌಕರನೆಂದು ಬರೆಯುತ್ತಾರೆ. ಒಂದೇ ಅಂಗಡಿಗೆ ಎರಡು ಜಿಎಸ್‌ಟಿ ನೋಂದಣಿ ಮಾಡಿಸಿ, ಕಬ್ಬಿಣ ಒಬ್ಬನ ಬಿಲ್ಲಿನಲ್ಲಿ, ಪೇಂಟು ಇನ್ನೊಬ್ಬನ ಬಿಲ್ಲಿನಲ್ಲಿ ಹೋಗುವಂತೆ ಮಾಡುತ್ತಾರೆ. ಕಾನೂನಿನ ಅಕ್ಷರಕ್ಕೆ ಇದರಲ್ಲಿ ಕೆಲವು ಸರಿ, ಕೆಲವು ತಪ್ಪು. ನನ್ನನ್ನು ಕಾಡುವುದು ಇದರ ಪರಿಣಾಮ. ಹೆಸರಿಲ್ಲದ ತಮ್ಮನಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ, ಅಣ್ಣ ಅಕಾಲದಲ್ಲಿ ತೀರಿಕೊಂಡರೆ ಅಂಗಡಿಯಲ್ಲಿ ಇವನ ಹಕ್ಕನ್ನು ತೋರಿಸುವ ಒಂದು ಕಾಗದವೂ ಇರುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆ ಇರುವುದೇ ಇಂಥ ಸಂಬಂಧಗಳಿಗೆ ಕಾನೂನಿನ ಚೌಕಟ್ಟು ಕೊಡಲು. ಅದನ್ನು ಬಳಸಿದವರಿಗೇ ತೆರಿಗೆ ಕಾಯ್ದೆ ದಂಡ ಹಾಕುತ್ತಿದೆ.

ಸ್ವಂತ ಉದ್ಯೋಗಿಗಳೆಲ್ಲ ಸಂಬಳದಾರರಿಗಿಂತ ಹೆಚ್ಚು ತೆರಿಗೆ ಕಟ್ಟುತ್ತಾರೆ ಎಂದು ನಾನು ವಾದಿಸುವುದಿಲ್ಲ, ಅದು ಸುಳ್ಳಾಗುತ್ತದೆ. ಸೆಕ್ಷನ್ 44ಎಡಿಎ ಅಡಿಯಲ್ಲಿ ವೈದ್ಯ, ವಕೀಲ, ಎಂಜಿನಿಯರ್ ಮೊದಲಾದವರು 50 ಲಕ್ಷದವರೆಗೆ, ನಗದು ಕಡಿಮೆಯಿದ್ದರೆ 75 ಲಕ್ಷದವರೆಗೆ, ತಮ್ಮ ಒಟ್ಟು ಸಂಪಾದನೆಯ ಅರ್ಧವನ್ನಷ್ಟೇ ಆದಾಯವೆಂದು ತೋರಿಸಬಹುದು. 24 ಲಕ್ಷ ಶುಲ್ಕ ಗಳಿಸಿದ ಸಲಹೆಗಾರ 12 ಲಕ್ಷ ತೋರಿಸಿ ಸೊನ್ನೆ ತೆರಿಗೆಯಲ್ಲಿ ಮುಗಿಸುತ್ತಾನೆ, ಮನೆಯಿಂದಲೇ ಕೆಲಸ ಮಾಡುವ ಅವನ ನಿಜವಾದ ಖರ್ಚು ಒಂದು ಲ್ಯಾಪ್‌ಟಾಪು ಮತ್ತು ಇಂಟರ್‌ನೆಟ್ ಬಿಲ್ಲು ಮಾತ್ರವಾಗಿದ್ದರೂ ಸರಿಯೇ. ಪಕ್ಕದ ಮೇಜಿನಲ್ಲಿ 24 ಲಕ್ಷ ಸಂಬಳದ ನೌಕರ ಸಂಬಳದಾರರಿಗೆ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 2,92,500 ರೂಪಾಯಿ ಕಟ್ಟುತ್ತಾನೆ. ನೌಕರಿಯಲ್ಲಿದ್ದವರು ಸಲಹೆಗಾರರಾಗಿ ಒಪ್ಪಂದ ಬದಲಿಸಿಕೊಳ್ಳಲು ಆಸೆಪಡುವುದರಲ್ಲಿ ಆಶ್ಚರ್ಯವಿಲ್ಲ. ಶೇ. 50 ಎಂಬ ಅಂದಾಜು ಯಂತ್ರೋಪಕರಣ, ನರ್ಸು, ಬಾಡಿಗೆ ಎಲ್ಲ ಇರುವ ಒಂದು ಸಣ್ಣ ಕ್ಲಿನಿಕ್ಕಿಗೆ ನ್ಯಾಯವಾದದ್ದೇ. ಖರ್ಚಿಲ್ಲದ ವೃತ್ತಿಗಳಿಗೂ ಅದನ್ನೇ ಅನ್ವಯಿಸುವುದನ್ನು ತಾವು ಮರುಪರಿಶೀಲಿಸಿದರೆ, ನನ್ನ ಕೆಲವು ಕಕ್ಷಿದಾರರು ಮುನಿಸಿಕೊಂಡರೂ, ನಾನು ವಿರೋಧಿಸಲಾರೆ.

ಆದರೆ ಅಂದಾಜು ಪದ್ಧತಿಗೆ ಒಳಪಡದೆ ನಿಜವಾದ ಖರ್ಚು ಕಳೆದು ನಿವ್ವಳ ಆದಾಯ ತೋರಿಸುವವರ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಸಂಬಳದಾರನಿಗೆ 12.75 ಲಕ್ಷದವರೆಗೆ ತೆರಿಗೆಯಿಲ್ಲ, ನಿವ್ವಳ 12.75 ಲಕ್ಷ ಗಳಿಸಿದ ವ್ಯಾಪಾರಿ 74,100 ರೂಪಾಯಿ ಕಟ್ಟುತ್ತಾನೆ. ಹೊಸ ಪದ್ಧತಿಯಲ್ಲೂ ನೌಕರನ ಪಿಂಚಣಿ ಉಳಿತಾಯದ ಎನ್‌ಪಿಎಸ್ ಖಾತೆಗೆ ಮಾಲೀಕ ಹಾಕುವ ಮೊತ್ತಕ್ಕೆ ಸಂಬಳದ ಶೇ. 14ರವರೆಗೆ ವಿನಾಯಿತಿ ಉಂಟು. ಸ್ವಂತ ಉದ್ಯೋಗಿ ತನ್ನ ಮುಪ್ಪಿಗೆಂದು ಅದೇ ಎನ್‌ಪಿಎಸ್‌ಗೆ ಹಾಕಿದ ಹಣಕ್ಕೆ ಹೊಸ ಪದ್ಧತಿಯಲ್ಲಿ ಬಿಡಿಗಾಸಿನ ವಿನಾಯಿತಿಯೂ ಇಲ್ಲ. ಗ್ರಾಚ್ಯುಯಿಟಿ, ಭವಿಷ್ಯನಿಧಿ, ಕಂಪನಿಯ ಆರೋಗ್ಯ ವಿಮೆ ಯಾವುದೂ ಇಲ್ಲದವನಿಗೇ ಉಳಿತಾಯದ ಪ್ರೋತ್ಸಾಹ ಬೇಕಾಗಿತ್ತು. ಹಳೆಯ ಪದ್ಧತಿಗೆ ಹೋಗೋಣವೆಂದರೆ, ನೌಕರ ವರ್ಷವರ್ಷವೂ ಪದ್ಧತಿ ಬದಲಿಸಬಹುದು, ವ್ಯಾಪಾರ ಅಥವಾ ವೃತ್ತಿಯ ಆದಾಯವಿರುವವನು ಒಮ್ಮೆ ಹೊರಗೆ ಹೋಗಿ ಒಮ್ಮೆ ಮರಳಿ ಬಂದರೆ ಮುಗಿಯಿತು.

ಏರಿಳಿತದ ಆದಾಯದ ಸಮಸ್ಯೆಯನ್ನು ನಮ್ಮ ಕಾಯ್ದೆ ಗಮನಿಸಿದಂತೆಯೇ ಕಾಣುವುದಿಲ್ಲ. ವರ್ಷಕ್ಕೆ 12 ಲಕ್ಷದಂತೆ ಎರಡು ವರ್ಷ ಗಳಿಸಿದ ಅಂಗಡಿಕಾರನ ತೆರಿಗೆ ಸೊನ್ನೆ. ಮೊದಲ ವರ್ಷ ಕೆಲಸವಿಲ್ಲದೆ 4 ಲಕ್ಷ, ಮರುವರ್ಷ ದೊಡ್ಡ ಕಾಮಗಾರಿಯ ಬಿಲ್ಲು ಒಟ್ಟಿಗೇ ಪಾಸಾಗಿ 20 ಲಕ್ಷ ಗಳಿಸಿದ ಗುತ್ತಿಗೆದಾರನ ತೆರಿಗೆ 2,08,000 ರೂಪಾಯಿ. ಇಬ್ಬರೂ ಎರಡು ವರ್ಷದಲ್ಲಿ ಗಳಿಸಿದ್ದು 24 ಲಕ್ಷವೇ. ನೌಕರನಿಗೆ ಹಿಂಬಾಕಿ ಸಂಬಳ ಒಂದೇ ವರ್ಷ ಬಂದರೆ ಸೆಕ್ಷನ್ 89ರ ಪರಿಹಾರವಿದೆ. ಗುತ್ತಿಗೆದಾರ, ಶಾಮಿಯಾನದವನು, ವಾಸ್ತುಶಿಲ್ಪಿ ಇಂಥವರಿಗೆ ಅಂಥದ್ದೊಂದು ಇಲ್ಲ. ಬಡ್ಡಿಯ ವಿಷಯದಲ್ಲೂ ಇದೇ ಧೋರಣೆಯಿದೆ: ಮುಂಗಡ ತೆರಿಗೆ ಕಡಿಮೆ ಕಟ್ಟಿದರೆ ಸರ್ಕಾರ ತಿಂಗಳಿಗೆ ಶೇ. 1 ಬಡ್ಡಿ ಪಡೆಯುತ್ತದೆ, ಹೆಚ್ಚು ಹಿಡಿದ ಟಿಡಿಎಸ್ ಹಿಂತಿರುಗಿಸುವಾಗ ಶೇ. ಅರ್ಧ ಕೊಡುತ್ತದೆ.

2025ರ ಜುಲೈನಲ್ಲಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್ ಮತ್ತು ತರಕಾರಿ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಎದ್ದ ಗದ್ದಲ ತಮಗೆ ತಿಳಿದೇ ಇದೆ. ಅದು ಜಿಎಸ್‌ಟಿಯ ವಿಷಯ, ಆದಾಯ ತೆರಿಗೆಯದಲ್ಲ. ಆದರೆ ಆಗ ನನ್ನ ಕಚೇರಿಗೆ ಬಂದವರಲ್ಲಿ ಹೆಚ್ಚಿನವರು ಖಾತೆಗೆ ಬಂದ ಹಣವೆಲ್ಲ ಆದಾಯವೆಂದು ಲೆಕ್ಕವಾಗುತ್ತದೆಂದೇ ಹೆದರಿದ್ದರು. ಡಿಜಿಟಲ್ ವಹಿವಾಟಿಗೆ ಶೇ. 6 ಎಂಬ ಕಡಿಮೆ ಅಂದಾಜನ್ನು ತಮ್ಮ ಇಲಾಖೆಯೇ ಇಟ್ಟಿದೆ ಎಂಬ ಸಂಗತಿ ಅವರಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ.

1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಆದಾಯ ತೆರಿಗೆ ಕಾಯ್ದೆಯನ್ನು ತಾವು ತಂದಿರಿ. 536 ಸೆಕ್ಷನ್ನುಗಳಿಗೆ ಇಳಿದ ಆ ಕಾಯ್ದೆಯ ಭಾಷೆ ನಿಜಕ್ಕೂ ಹಗುರವಾಗಿದೆ. ಭಾರ ಯಾರ ಮೇಲೆ ಎಷ್ಟು ಎಂಬುದನ್ನು ಮಾತ್ರ ಅದು ಬದಲಿಸಲು ಹೋಗಲಿಲ್ಲ, ಹಳೆಯ ಅಂಕಿಗಳೇ ಹೊಸ ಸೆಕ್ಷನ್ನುಗಳಲ್ಲಿ ಬಂದು ಕೂತವು.

ನಾನು ಕೇಳುತ್ತಿರುವುದಕ್ಕೆ ದೊಡ್ಡ ಸುಧಾರಣೆ ಬೇಕಿಲ್ಲ. ಪಾಲುದಾರರ ಸಂಬಳದ ಮಿತಿಯನ್ನು 2009ರಲ್ಲಿ ನಿಗದಿ ಮಾಡಿದ ಮೇಲೆ ಮತ್ತೆ ಮುಟ್ಟಿದ್ದು 2024ರಲ್ಲಿ. ಅಷ್ಟರಲ್ಲಿ ವ್ಯಕ್ತಿಗಳ ರಿಬೇಟ್ ಎಷ್ಟೋ ಮುಂದೆ ಹೋಗಿತ್ತು, 2025ರಲ್ಲಿ ಅದು 12 ಲಕ್ಷಕ್ಕೆ ಜಿಗಿದಾಗ ಸಂಬಳದ ಮಿತಿ ಇದ್ದಲ್ಲೇ ಉಳಿಯಿತು. ಪಾಲುದಾರರೆಲ್ಲರೂ ವ್ಯಕ್ತಿಗಳೇ ಆಗಿರುವ, ವಹಿವಾಟು ಅಂದಾಜು ಪದ್ಧತಿಯ ಮಿತಿಯೊಳಗಿರುವ ಸಂಸ್ಥೆಗಳಲ್ಲಿ ದುಡಿಯುವ ಪಾಲುದಾರರು ಇಡೀ ಲಾಭವನ್ನು ಸಂಬಳವಾಗಿ ಪಡೆಯಲು ಬಿಡಿ, ಅದು ಅವರವರ ಕೈಯಲ್ಲಿ ಅವರವರ ಸ್ಲ್ಯಾಬಿನಂತೆ ತೆರಿಗೆಗೆ ಒಳಪಡಲಿ. ಹೀಗೆ ಮಾಡಿದರೆ ಹೆಂಡತಿ ಮಕ್ಕಳನ್ನೆಲ್ಲ ಹೆಸರಿಗೆ ಪಾಲುದಾರರಾಗಿಸಿ ಆದಾಯ ಒಡೆಯುತ್ತಾರೆಂಬ ಆಕ್ಷೇಪ ಬರಬಹುದು. ಅಂಗಡಿಯಲ್ಲಿ ನಿಜವಾಗಿ ದುಡಿಯುವವನು ಮಾತ್ರ ಈ ಸಂಬಳಕ್ಕೆ ಅರ್ಹ ಎಂಬ ಷರತ್ತು ಕಾಯ್ದೆಯಲ್ಲಿ ಈಗಾಗಲೇ ಇದೆ. ಅದನ್ನು ಬೇಕಾದರೆ ಬಿಗಿ ಮಾಡಿ. ಪತ್ನಿಯೇ ಗಲ್ಲಾ ನೋಡಿಕೊಳ್ಳುವ ಅಂಗಡಿಗಳು ನಮ್ಮ ಪೇಟೆಯಲ್ಲಿ ಕಡಿಮೆಯಿಲ್ಲ ಎಂಬುದನ್ನೂ ನೆನಪಿಡಿ. ಇದರ ಜೊತೆಗೆ 2016ರಲ್ಲಿ ತೆಗೆದ ಅವಕಾಶವನ್ನು 44ಎಡಿಗೆ ಸಮನಾದ ಹೊಸ ಸೆಕ್ಷನ್ನಿಗೆ ಮರಳಿ ಸೇರಿಸಿ, ವೈಯಕ್ತಿಕ ತೆರಿಗೆಯೇ ಇಲ್ಲದ ಪಾಲುದಾರರಿಗೆ ಟಿಡಿಎಸ್‌ನಿಂದ ಬಿಡುಗಡೆ ಕೊಡಿ. ಸ್ವಂತ ಉದ್ಯೋಗಿಯ ಎನ್‌ಪಿಎಸ್ ವಂತಿಗೆಗೆ ಹೊಸ ಪದ್ಧತಿಯಲ್ಲೂ ಒಂದು ಮಿತಿಯವರೆಗೆ ವಿನಾಯಿತಿ ಇರಲಿ. ಏರಿಳಿತದ ಆದಾಯಕ್ಕೆ ಎರಡು ಮೂರು ವರ್ಷಗಳ ಸರಾಸರಿಯ ಆಯ್ಕೆಯನ್ನು ಕೊಡುವುದು ಕಷ್ಟವೆಂದು ನನಗೂ ಗೊತ್ತು. ಅದನ್ನು ಅಧ್ಯಯನಕ್ಕಾದರೂ ಒಪ್ಪಿಸಬಹುದು.

ನೇರ ತೆರಿಗೆಗಳ ಕೇಂದ್ರ ಮಂಡಳಿ ರಿಟರ್ನ್ಸ್‌ಗಳ ಅಂಕಿಅಂಶಗಳನ್ನು ಪ್ರಕಟಿಸುತ್ತಲೇ ಇದೆ. ಮುಂದಿನ ಪ್ರಕಟಣೆಯಲ್ಲಿ ಎರಡು ಸಂಗತಿಗಳನ್ನು ಸೇರಿಸಬೇಕೆಂದು ಕೋರುತ್ತೇನೆ. 44ಎಡಿಯನ್ನು ಆಯ್ದುಕೊಂಡ ಪಾಲುದಾರಿಕೆ ಸಂಸ್ಥೆಗಳೆಷ್ಟು, ಮತ್ತು 194ಟಿ ಅಡಿಯಲ್ಲಿ ಹಿಡಿದ ಹಣದಲ್ಲಿ ರೀಫಂಡಾಗಿ ಹಿಂದಿರುಗಿದ್ದೆಷ್ಟು? ಈ ಎರಡು ಅಂಕಿಗಳು ಹೊರಬಂದರೆ, ಮೇಲಿನ ಬದಲಾವಣೆಗಳಿಂದ ಬೊಕ್ಕಸಕ್ಕೆ ಆಗುವ ನಷ್ಟ ಎಷ್ಟೆಂಬುದನ್ನು ತಮ್ಮ ಅಧಿಕಾರಿಗಳೂ ನಾವೂ ಊಹೆಯಿಲ್ಲದೆ ಚರ್ಚಿಸಬಹುದು.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಮಧ್ಯ ಕರ್ನಾಟಕದ ಒಬ್ಬ ತೆರಿಗೆ ಸಲಹೆಗಾರ